ಒಂಬತ್ತನೇ ಕಂತಿನ ಸ್ವೆಟರು

ಟೀವಿಯ ಕ್ವಿಜ್ ಕಾರ್ಯಕ್ರಮದಲ್ಲಿ ಗೆಲ್ಲುವುದು ಅಂಥ ಕಷ್ಟದ ಕೆಲಸವೇನಲ್ಲ. ಗೆದ್ದವನು ಮಾರನೆಯ ದಿನ ಮತ್ತೆ ಬಂದು ಕೂತು ಒಂದು ಕತೆ ಹೇಳಬೇಕಲ್ಲ, ಅದು ಕಷ್ಟ.

ನಿಯಮ ಹೀಗಿತ್ತು. ಇವತ್ತು ಗೆದ್ದವರು ನಾಳೆಯೂ ಬರಬೇಕು, ನಾಳೆ ಗೆದ್ದರೆ ನಾಡಿದ್ದು. ಸತತ ಹತ್ತು ಕಂತು ಗೆದ್ದವರಿಗೆ ಜೋಡಿಯಾಗಿ ಹದಿನೈದು ದಿನದ ಹಡಗಿನ ಪ್ರವಾಸ. ಆದರೆ ಪ್ರಶ್ನೆಗಳು ಶುರುವಾಗುವ ಮೊದಲು ನಿರೂಪಕರು ಮೇಜಿನ ಮೇಲೆ ಮೊಣಕೈ ಊರಿ, "ಚಾಂಪಿಯನ್ನರೇ, ನಿಮ್ಮ ಬದುಕಿನ ಒಂದು ಮಜವಾದ ಪ್ರಸಂಗ ಹೇಳಿ" ಅನ್ನುತ್ತಿದ್ದರು. ಎರಡೇ ನಿಮಿಷ. ಆ ಎರಡು ನಿಮಿಷಕ್ಕೆ ನಮ್ಮ ಚಾಂಪಿಯನ್ನಿಗೆ ಬರುತ್ತಿದ್ದ ಬೆವರು ಮಿಕ್ಕ ಇಪ್ಪತ್ತೆಂಟು ನಿಮಿಷಕ್ಕೆ ಬರುತ್ತಿರಲಿಲ್ಲ.

ಯಾಕೆಂದರೆ ಅವನು ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಆಪರೇಟರು. ಹೊತ್ತಿಗೆ ಸರಿಯಾಗಿ ವಾಲ್ವ್ ತೆರೆಯುವುದು, ಹೊತ್ತಿಗೆ ಸರಿಯಾಗಿ ಮುಚ್ಚುವುದು, ಅರ್ಧ ಗಂಟೆಗೊಮ್ಮೆ ಗೇಜು ನೋಡಿ ಬರೆಯುವುದು. ಹತ್ತೊಂಬತ್ತು ವರ್ಷದಿಂದ ಇದೇ. ಗ್ರೀಸು ಒರೆಸಲೆಂದು ಇಲಾಖೆಯವರು ಹಳೆಯ ಪತ್ರಿಕೆಗಳ ಕಟ್ಟು ಕಳಿಸುತ್ತಿದ್ದರು. ನಮ್ಮವನು ಓದದೆ ಒರೆಸಿದ ಹಾಳೆ ಒಂದೂ ಇಲ್ಲ. ಯಾವ ನದಿ ಎಷ್ಟು ಉದ್ದ, ಯಾವ ರಾಣಿಗೆ ಎಷ್ಟು ಮಕ್ಕಳು, ತಿಮಿಂಗಿಲದ ಹೃದಯ ಎಷ್ಟು ತೂಕ, ಎಲ್ಲಾ ನಾಲಿಗೆಯ ತುದಿಯಲ್ಲಿ. ಆದರೆ ಇಂಥವನ ಬದುಕಿನಲ್ಲಿ ಪ್ರಸಂಗ ಎಲ್ಲಿಂದ ಬರಬೇಕು? ಲೆಕ್ಕ ಹಾಕಿದರೆ ಒಟ್ಟು ಮೂರು. ಗೇಜಿನ ಡಬ್ಬಿಯಲ್ಲಿ ಕಪ್ಪೆ ಕೂತಿದ್ದು, ತನ್ನ ಮದುವೆಗೆ ತಾನೇ ಬೇರೆ ಛತ್ರಕ್ಕೆ ಹೋಗಿದ್ದು, ನಾಯಿ ಸೈಕಲ್ಲಿನ ಹಿಂದೆ ಬಿದ್ದಿದ್ದು. ಮೂರು ಕಂತಿಗೆ ಮೂರೂ ಮುಗಿದವು. ನಾಲ್ಕನೆಯ ಕಂತಿನಲ್ಲಿ ಅದೇ ನಾಯಿಯನ್ನು ಇನ್ನೊಂದು ಬೀದಿಯಲ್ಲಿ ಓಡಿಸಿದ. ಎಂಟನೆಯದರಲ್ಲಿ ತನಗೆ ಒಮ್ಮೆ ಜ್ವರ ಬಂದಿದ್ದನ್ನು ವಿವರವಾಗಿ ಹೇಳಿದ. ನಿರೂಪಕರು ಆಕಳಿಕೆಯನ್ನು ನಗೆಯನ್ನಾಗಿ ಮಾಡಿಕೊಳ್ಳಲು ಬಹಳ ಕಷ್ಟಪಟ್ಟರು.

ಟೀವಿಯಲ್ಲಿ ದಿನಕ್ಕೊಂದು ಕಂತು ಬಂದರೂ ಚಿತ್ರೀಕರಣ ಮಾಡುವುದು ಒಂದೇ ದಿನ ಐದೈದು. ಐದು ಅಂಗಿ ತರಬೇಕು, ಕಂತಿಗೊಂದು ಬದಲಾಯಿಸಬೇಕು, ಹೊಸ ದಿನ ಬಂದವನಂತೆ ನಗುತ್ತಾ ಒಳಗೆ ಹೋಗಬೇಕು. ಎಂಟನೆಯದು ಮುಗಿದು ಒಂಬತ್ತನೆಯದರ ಅಂಗಿಗೆ ಗುಂಡಿ ಹಾಕುತ್ತಿದ್ದಾಗ, ಬರೆಯುವ ಪ್ಯಾಡು ಹಿಡಿದ ಸಹಾಯಕಿ ಹುಡುಗಿ ಬಂದಳು.

"ಸಾರ್, ಈಗ ಯಾವ ಕತೆ?"

"ಖಾಲಿಯಮ್ಮಾ. ಟ್ಯಾಂಕು ಪೂರ್ತಿ ಖಾಲಿ."

"ಮನೆಯವರ ಬಗ್ಗೆ ಏನಾದ್ರೂ ಇದ್ದೇ ಇರತ್ತಲ್ಲ ಸಾರ್!"

ಆಗ ಬಂತು ನೋಡಿ ಬಾಯಿಗೆ. ಏಳು ವರ್ಷದಿಂದ ಯಾರಿಗೂ ಹೇಳದಿದ್ದ ಮಾತು. ನಮ್ಮಾಕೆ ವರ್ಷಕ್ಕೊಂದು ಉಣ್ಣೆಯ ಸ್ವೆಟರು ಹೆಣೆದು ಕೊಡುತ್ತಾಳೆ. ಉಣ್ಣೆ ತಗುಲಿದರೆ ನನ್ನ ಕತ್ತು ಸುಲಿದ ಟೊಮೆಟೊ ಆಗುತ್ತದೆ. ಅವಳ ಮುಖ ನೋಡಿ ಬೇಡ ಅನ್ನಲು ಬಾಯಿ ಬರುವುದಿಲ್ಲ. ಹಾಕಿಕೊಂಡು ಮನೆ ಬಿಡುತ್ತೇನೆ, ಬೀದಿಯ ತಿರುವು ದಾಟಿದ ಮೇಲೆ ಬಿಚ್ಚುತ್ತೇನೆ. ಪಂಪ್‌ಹೌಸಿನಲ್ಲಿ ಎರಡನೇ ನಂಬರಿನ ಪೈಪು ಜಿನುಗುತ್ತಿತ್ತು, ಒಂದು ದಿನ ಅದಕ್ಕೆ ಸುತ್ತಿ ಕಟ್ಟಿದೆ. ಜಿನುಗು ನಿಂತಿತು! ಈಗ ಏಳು ಪೈಪಿಗೆ ಏಳು ಸ್ವೆಟರು. ಪೈಪಿನ ಬೆಂಡಿಗೆ ತೋಳು ಎಷ್ಟು ಸರಿಯಾಗಿ ಕೂರುತ್ತದೆ ಅಂದರೆ, ಅವಳು ಅಳತೆ ತೆಗೆದದ್ದು ನನ್ನದೋ ಪೈಪಿನದೋ ಅಂತ ಅನುಮಾನ.

ಕ್ಯಾಮೆರಾದ ಮುಂದೆ ಇದನ್ನೇ ಹೇಳಿದ. ಪ್ರೇಕ್ಷಕರು ಬಿದ್ದು ಬಿದ್ದು ನಕ್ಕರು. ನಿರೂಪಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹಿಗ್ಗಿನಲ್ಲಿ ಒಂಬತ್ತನೆಯ ಕಂತನ್ನೂ ಗೆದ್ದ. ಹತ್ತನೆಯದನ್ನೂ ಮುಗಿಸಿ ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಮಾತ್ರ ಅವನಿಗೆ ಹೊಳೆಯಿತು: ಹೆಂಡತಿಯೂ ಟೀವಿ ನೋಡುತ್ತಾಳೆ.

ಅದು ತಿಂಗಳ ಹಿಂದಿನ ಮಾತು. ಎಂಟು ಕಂತು ಪ್ರಸಾರವಾಗಿ ಮುಗಿದಿದ್ದವು. ಒಂಬತ್ತನೆಯದು ಇವತ್ತು ಸಂಜೆ ಎಂಟಕ್ಕೆ.

ಬೆಳಗಿನ ಐದು ಗಂಟೆಗೆ ಕಾಫಿ ಲೋಟ ಹಿಡಿದು ಕೂತಾಗ ಹೆಂಡತಿ ಎದುರಿಗೆ ಕೂತು ಹೆಣಿಗೆ ಹಾಕುತ್ತಿದ್ದಳು. ಎಂಟನೆಯ ಸ್ವೆಟರು. ಕಡು ಕೆಂಪು ಬಣ್ಣ, ಎದೆಯ ಮೇಲೆ ಬಿಳಿ ನೂಲಿನಲ್ಲಿ ಒಂದು ಹಡಗು.

"ಒಂದು ತೋಳು ಬಾಕಿ ಅಷ್ಟೇ. ಹಡಗಿನ ಮೇಲೆ ಗಾಳಿ ಜೋರಂತೆ ಕಣ್ರೀ. ಇವತ್ತು ರಾತ್ರಿ ಎಲ್ಲರ ಎದುರಿಗೇ ನಿಮಗೆ ಹಾಕಿಸ್ತೀನಿ."

"ಎಲ್ಲರೂ ಅಂದ್ರೆ?"

"ಬೀದಿಯವರು. ಒಂಬತ್ತನೇ ಕಂತು ಅಂದ್ರೆ ಸುಮ್ನೇನಾ? ಮೇಷ್ಟ್ರು, ಟೈಲರ್ ಮನೆಯವರು, ಎದುರು ಮನೆ ಅಕ್ಕ, ಎಲ್ಲಾ ನಮ್ಮನೇಲೇ ನೋಡೋದು."

ಅವನು ಲೋಟ ಕೆಳಗಿಟ್ಟ. "ಅಲ್ವೇ, ಇವತ್ತು ಸಿನಿಮಾಕ್ಕೆ ಹೋಗೋಣ್ವಾ? ನಾವಿಬ್ರೇ?"

ಹೆಂಡತಿ ಕಡ್ಡಿ ನಿಲ್ಲಿಸಿ ಅವನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ. ಮತ್ಯಾಕೆ ಹೀಗೆ ಮಾತಾಡ್ತೀರಾ? ಟೀವೀಲಿ ನೀವು ಬರೋವಾಗ ನಾನು ಇನ್ಯಾರದೋ ಮುಖ ದುಡ್ಡು ಕೊಟ್ಟು ನೋಡ್ಲಾ?"

ಅವಳು ಹುಟ್ಟಿದಾಗಿನಿಂದ ಸಮುದ್ರ ಕಂಡವಳಲ್ಲ. ಮೊದಲ ಕಂತು ಗೆದ್ದ ದಿನದಿಂದ ಅವಳು ಬಟ್ಟೆ ಒಗೆಯುವಾಗಲೂ ಬಕೆಟ್ಟಿನ ನೀರನ್ನು ಅಲೆ ಅಲೆಯಾಗಿ ಅಲ್ಲಾಡಿಸಿ ನೋಡುತ್ತಿದ್ದಳು. ಹಡಗು ಸಿಕ್ಕಿದೆಯೋ ಇಲ್ಲವೋ ಅವನಿಗೆ ಗೊತ್ತು. ಹೇಳುವಂತಿಲ್ಲ. ಪ್ರಸಾರಕ್ಕೆ ಮುಂಚೆ ಕಾರ್ಯಕ್ರಮದ ಒಂದು ಮಾತು ಹೊರಗೆ ಬಿಟ್ಟರೂ ಬಹುಮಾನ ರದ್ದು ಅಂತ ಮೂರು ಕಡೆ ಸಹಿ ಹಾಕಿಸಿಕೊಂಡಿದ್ದರು. ಹಾಗಾಗಿ ಮುಂಚಿತವಾಗಿ ತಪ್ಪೊಪ್ಪಿಕೊಂಡರೆ ಹಡಗು ಮುಳುಗುತ್ತದೆ. ಒಪ್ಪಿಕೊಳ್ಳದೆ ಸುಮ್ಮನಿದ್ದರೆ ಇವತ್ತು ಎಂಟು ಗಂಟೆ ಏಳು ನಿಮಿಷಕ್ಕೆ, ಇಡೀ ಬೀದಿಯ ಎದುರಿಗೆ, ಹೆಂಡತಿಯ ಮುಖ ಮುಳುಗುತ್ತದೆ. ಆಮೇಲೆ ಹಡಗು ಬಂದರೂ ಅವನು ಒಬ್ಬನೇ ಹತ್ತಬೇಕು. ಅತ್ತ ದರಿ, ಇತ್ತ ಪುಲಿ.

'ಇವತ್ತು ಅವಳು ಅದನ್ನು ನೋಡಕೂಡದು. ಏನಾದರೂ ಆಗಲಿ, ನೋಡಕೂಡದು' ಎಂದು ಚಾಂಪಿಯನ್ ಹಲ್ಲು ಕಚ್ಚಿ ನಿರ್ಧರಿಸಿ ಸೈಕಲ್ ಹತ್ತಿದ.

ಆರೂವರೆಗೆ ವಾಲ್ವ್ ತೆರೆದ. ಅವನು ತೆರೆಯುವ ಕ್ರಮವೇ ಬೇರೆ. ಬೇರೆ ಪಾಳಿಯವರು ಚಕ್ರವನ್ನು ಒಂದೇ ಉಸಿರಿಗೆ ತಿರುಗಿಸಿ ಬಿಡುತ್ತಾರೆ, ಮನೆಗಳ ನಲ್ಲಿ ಥೂ ಥೂ ಎಂದು ಉಗುಳುತ್ತದೆ. ಇವನು ಒಂದು ಸುತ್ತು ತಿರುಗಿಸಿ ಹತ್ತು ಎಣಿಸುತ್ತಾನೆ, ಇನ್ನೊಂದು ಸುತ್ತು, ಮತ್ತೆ ಹತ್ತು, ಆಮೇಲೆ ಪೂರ್ತಿ. ಹಳೆಯ ಪೈಪು, ನೋಯಬಾರದು ಎನ್ನುವ ಕಾಳಜಿ. ಇದರಿಂದ ನಲ್ಲಿ ಮೊದಲು ಎರಡು ಸಲ ಸಣ್ಣಗೆ ಕೆಮ್ಮಿ ಆಮೇಲೆ ಮೆಲ್ಲಗೆ ಸುರಿಯುತ್ತದೆ. ಹಾಸಿಗೆಯಲ್ಲಿದ್ದರೂ ಹೆಂಡತಿ ಆ ಕೆಮ್ಮು ಕೇಳಿ, "ನಮ್ಮನೆಯವರ ಕೈ" ಅನ್ನುತ್ತಿದ್ದಳು.

ನೀರು ಬಿಟ್ಟ ಮೇಲೆ ಪಂಪ್‌ಹೌಸಿನ ಫೋನಿನಿಂದ ಟೀವಿಯವರಿಗೆ ಫೋನು ಮಾಡಿದ. ಮೂರು ಜನರನ್ನು ದಾಟಿ ಪ್ಯಾಡಿನ ಹುಡುಗಿ ಸಿಕ್ಕಳು.

"ಅಮ್ಮಾ, ಆ ಸ್ವೆಟರ್ ಕತೆ ಇದೆಯಲ್ಲ, ಅದನ್ನ ತೆಗೆದುಬಿಡ್ತೀರಾ?"

"ಅಯ್ಯೋ ಸಾರ್, ಅಷ್ಟು ಚೆನ್ನಾಗಿರೋದನ್ನ? ಇಷ್ಟು ದಿನದಲ್ಲಿ ಇದೊಂದೇ ಸಾರ್ ನೀವು ಹೇಳಿದ ಕತೆ, ಮಿಕ್ಕಿದ್ದೆಲ್ಲಾ ಬರೀ ವರದಿ."

"ಇವತ್ತು ಬೇಡಮ್ಮಾ. ಇವತ್ತು ಬೀದಿಗೆ ಬೀದೀನೇ ನಮ್ಮನೇಲಿ ಕೂರತ್ತೆ. ದಯವಿಟ್ಟು ಇವತ್ತು ಬೇಡ."

"ನನ್ನ ಕೈಯಲ್ಲಿ ಏನಿದೆ ಸಾರ್? ಹೇಳಿ ನೋಡ್ತೀನಿ. ನಂಬ್ಕೊಂಡು ಕೂರ್ಬೇಡಿ." ಫೋನು ಇಟ್ಟಳು.

ನಂಬಿಕೊಂಡು ಕೂರುವ ಜಾಯಮಾನ ಅವನದಲ್ಲ. ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿಸಿ ಮನೆಗೆ ಬಂದಾಗ ಹೆಂಡತಿ ಎದುರು ಮನೆಯಲ್ಲಿ ಕುರ್ಚಿ ಕೇಳಲು ಹೋಗಿದ್ದಳು. ಒಳ್ಳೆಯ ಹೊತ್ತು. ಟೀವಿಯ ಹಿಂದಿನ ಮುಚ್ಚಳ ಬಿಚ್ಚಿದ. ಒಳಗಿದ್ದುದರಲ್ಲಿ ಅವನಿಗೆ ಗುರುತು ಸಿಕ್ಕಿದ್ದು ಧೂಳು ಮಾತ್ರ. ಕೈಗೆ ಸಿಕ್ಕಿದ ಒಂದು ತಂತಿಯನ್ನು ಕಿತ್ತು, ಮುಚ್ಚಳ ಹಾಕಿ, ಏನೂ ಅರಿಯದವನಂತೆ ಪತ್ರಿಕೆ ಹಿಡಿದು ಕೂತ. ಪತ್ರಿಕೆ ತಲೆಕೆಳಗಾಗಿತ್ತು.

ಹೆಂಡತಿ ಬಂದು ಟೀವಿ ಹಾಕಿದಳು. ಉಸಿರಿಲ್ಲ.

"ಅಯ್ಯೋ! ಇವತ್ತೇ ಕೈ ಕೊಡ್ಬೇಕಾ ಇದು?"

"ಹೋಗ್ಲಿ ಬಿಡೇ" ಎಂದು ಚಾಂಪಿಯನ್ ದುಃಖವನ್ನು ಮುಖಕ್ಕೆ ತಂದುಕೊಂಡ. "ನಮ್ಮ ಹಣೇಲಿ ಬರ್ದಿಲ್ಲ. ಆರಾಮಾಗಿ ಊಟ ಮಾಡಿ ಬೇಗ ಮಲ್ಗೋಣ."

ಮಾತು ಮುಗಿಯುವಷ್ಟರಲ್ಲಿ ಅವಳು ಗೋಡೆಗೆ ಎರಡು ಗುದ್ದು ಗುದ್ದಿದ್ದಳು. ಪಕ್ಕದ ಮನೆಯಲ್ಲಿ ಇರುವುದು ಅವಳ ತಮ್ಮ, ವೃತ್ತಿಯಿಂದ ಎಲೆಕ್ಟ್ರೀಷಿಯನ್. ಗುದ್ದಿನ ಸದ್ದು ಆರುವ ಮೊದಲೇ ಪಾನಾ, ಟೆಸ್ಟರು ಸಮೇತ ಬಾಗಿಲಲ್ಲಿ ನಿಂತಿದ್ದ.

"ಭಾವಾ, ನಾನು ಬದುಕಿರೋವಾಗ ನಿಮ್ಮ ಮುಖ ಟೀವೀಲಿ ಬರದೆ ಹೋಗೋದುಂಟಾ?" ಎಂದು ಮುಚ್ಚಳ ಬಿಚ್ಚಿದ. "ಇಲ್ನೋಡಿ, ಯಾವನೋ ತಂತಿ ಕಿತ್ತಿದ್ದಾನೆ."

"ಇಲಿ ಇರಬೇಕು" ಎಂದ ಚಾಂಪಿಯನ್.

"ಮುಚ್ಚಳದ ಸ್ಕ್ರೂ ಬಿಚ್ಚೋ ಇಲೀನಾ? ಹೊಟ್ಟೆಕಿಚ್ಚಿನವರು ಭಾವಾ! ನಿಮ್ಮ ಗೆಲುವು ನೋಡಕಾಗದವರು ಯಾರೋ ಮಾಡಿದ್ದು. ಅವನ ಕೈ ಸೇದಿಹೋಗ!"

ಚಾಂಪಿಯನ್ ಕೈಯನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ.

ಭಾವಮೈದ ಅಷ್ಟಕ್ಕೆ ಬಿಡಲಿಲ್ಲ. ಶತ್ರುಗಳು ಮತ್ತೆ ಕೈ ಹಾಕಬಹುದೆಂದು ತನ್ನ ಮನೆಯ ಟೀವಿಯನ್ನೂ ಹೊತ್ತು ತಂದು ಪಕ್ಕದಲ್ಲಿಟ್ಟ. ಕರೆಂಟು ಹೋದೀತೆಂದು ಒಂದು ಬ್ಯಾಟರಿ ಜೋಡಿಸಿದ. ಸುದ್ದಿ ಕೇಳಿದ ಟೈಲರು ತನ್ನ ದೊಡ್ಡ ಟೀವಿಯನ್ನು ಕೈಗಾಡಿಯಲ್ಲಿ ತಂದ. ಐದು ಗಂಟೆಯ ಹೊತ್ತಿಗೆ ಬೆಳಿಗ್ಗೆ ಒಂದು ಟೀವಿ ಇದ್ದ ನಡುಮನೆಯಲ್ಲಿ ಮೂರು ಟೀವಿ ಸಾಲಾಗಿ ಕೂತು ಅವನನ್ನೇ ದಿಟ್ಟಿಸುತ್ತಿದ್ದವು.

ಅಷ್ಟರಲ್ಲಿ ಮೇಲಿನ ಮನೆಯ ನಿವೃತ್ತ ಮೇಷ್ಟ್ರು ನೋಟ್‌ಬುಕ್ಕಿನೊಂದಿಗೆ ಇಳಿದುಬಂದು ಮೊದಲ ಸಾಲಿನ ನಡುವಿನ ಕುರ್ಚಿ ಹಿಡಿದರು. ಮೊದಲ ಕಂತಿನಿಂದಲೂ ಅವರು ಕಾರ್ಯಕ್ರಮದ ಪ್ರತಿಯೊಂದು ಮಾತನ್ನು ನಿಮಿಷದ ಸಮೇತ ಬರೆದುಕೊಳ್ಳುತ್ತಿದ್ದರು.

"ಎಂಟನೇ ಕಂತಿನಲ್ಲಿ ಜ್ವರ ನೂರಾ ಮೂರು ಅಂದ್ರಿ. ಮೂರನೇ ಕಂತಿನಲ್ಲಿ ನಾಯಿ ಪ್ರಸಂಗದಲ್ಲಿ 'ನನಗೆ ಜ್ವರವೇ ಬಂದಿಲ್ಲ' ಅಂದಿದ್ರಿ" ಎಂದು ಹಾಳೆ ಮಗುಚಿದರು. "ಇವತ್ತು ಸರಿಯಾಗಿ ಹೇಳಿದೀರಿ ತಾನೆ?"

"ಇವತ್ತು ಸರಿಯಾಗಿಯೇ ಹೇಳಿದೀನಿ ಮೇಷ್ಟ್ರೇ. ಅದೇ ತೊಂದರೆ."

ಹಿತ್ತಿಲ ಕಟ್ಟೆಯ ಮೇಲೆ ಕೂತು ತಲೆ ಕೆರೆದುಕೊಂಡ. ಟೀವಿ ಕೆಡಿಸುವುದು ಆಗದ ಮಾತು. ಜನರನ್ನು ಓಡಿಸುವುದು ಆಗದ ಮಾತು. ಯಾವುದಕ್ಕೆ ಈ ಬೀದಿಯವರು ಊಟ ಬಿಟ್ಟು, ನಿದ್ದೆ ಬಿಟ್ಟು, ಜಗಳವನ್ನೂ ಅರ್ಧಕ್ಕೇ ಬಿಟ್ಟು ಓಡುತ್ತಾರೆ?

ಎದುರಿಗೆ ನಲ್ಲಿ ಇತ್ತು. ಬಾಯಿ ಒಣಗಿಸಿಕೊಂಡು ನಿಂತಿತ್ತು.

ಚಾಂಪಿಯನ್ ಎದ್ದು ನಿಂತ. ದಿನಕ್ಕೆ ಒಂದೇ ಗಂಟೆ ನೀರು ಬರುವ ಬೀದಿ ಇದು. ಬೆಳಿಗ್ಗೆಯದನ್ನು ಹೇಗೋ ಸಂಜೆಯವರೆಗೆ ಎಳೆದಿರುತ್ತಾರೆ. ಈಗ ಎಂಟು ಗಂಟೆಗೆ ನಲ್ಲಿ ಕೆಮ್ಮಿತು ಅನ್ನಿ, ಟೀವಿಯೊಳಗಿಂದ ರಾಜನೇ ಇಳಿದು ಬಂದರೂ ಒಬ್ಬರೂ ತಿರುಗಿ ನೋಡುವುದಿಲ್ಲ. ಕತೆ ಬರುವುದು ಎಂಟು ಏಳಕ್ಕೆ, ಮುಗಿಯುವುದು ಎಂಟು ಒಂಬತ್ತಕ್ಕೆ. ಎಂಟು ದಿನ ಗಡಿಯಾರ ಹಿಡಿದು ನೋಡಿದ್ದಾನೆ. ವಾಲ್ವಿನಿಂದ ಹೊರಟ ನೀರು ಈ ನಲ್ಲಿಗೆ ಬರಲು ಮೂರು ನಿಮಿಷ. ಎಂಟು ಮೂರಕ್ಕೆ ಚಕ್ರ ತಿರುಗಿಸಿದರೆ ಎಂಟು ಆರಕ್ಕೆ ಬಿಂದಿಗೆಗಳ ಸದ್ದು.

ಮನಸ್ಸು ಮಾತ್ರ ಚುಚ್ಚಿತು. ಹತ್ತೊಂಬತ್ತು ವರ್ಷದಲ್ಲಿ ಅವನು ಒಂದು ನಿಮಿಷ ಹಿಂದೆ ಮುಂದೆ ನೀರು ಬಿಟ್ಟವನಲ್ಲ. ಜ್ವರ ನೂರಾ ಮೂರು ಇದ್ದಾಗಲೂ ಹೊತ್ತು ತಪ್ಪಿರಲಿಲ್ಲ. ಆದರೆ ಬಕೆಟ್ಟಿನಲ್ಲಿ ಅಲೆ ಎಬ್ಬಿಸುವ ಹೆಂಡತಿಯ ಮುಖ ನೆನಪಾಯಿತು. ನಾಳೆ ಬೇಕಾದರೆ ಮೇಲಧಿಕಾರಿಯಿಂದ ಬೈಸಿಕೊಂಡೇನು, ಅವಳ ಕಣ್ಣಲ್ಲಿ ನೀರು ಬರುವುದಕ್ಕಿಂತ ನಲ್ಲಿಯಲ್ಲಿ ಬರುವುದು ಮೇಲು ಎಂದುಕೊಂಡ.

ಆರು ಗಂಟೆಗೆ ಪಂಪ್‌ಹೌಸಿಗೆ ಹೋಗಿ ಎರಡನೇ ಪಾಳಿಯವನನ್ನು ಹಿಡಿದ. "ಇವತ್ತು ನಿನ್ನ ಪಾಳಿ ನಾನು ನೋಡ್ಕೋತೀನಿ ಕಣಪ್ಪಾ. ಏಳೂವರೆಗೆ ಬರ್ತೀನಿ, ನೀನು ಹೋಗಿ ನಮ್ಮನೇಲಿ ಕೂತು ಟೀವಿ ನೋಡು."

ಎರಡನೇ ಪಾಳಿಯವನ ಕಣ್ಣು ತುಂಬಿ ಬಂತು. "ಅಣ್ಣಾ! ಇಂಥಾ ದಿನ ನೀವು ನನಗೋಸ್ಕರ... ನಿಮ್ಮಂಥವರು ಗೆಲ್ಲದೆ ಇನ್ಯಾರು ಗೆಲ್ತಾರೆ?"

ಏಳೂ ಕಾಲಿಗೆ ಮನೆ ತುಂಬಿ ತುಳುಕುತ್ತಿತ್ತು. ಹೆಂಡತಿ ಕೊನೆಯ ತೋಳಿನ ಕೊನೆಯ ಗಂಟು ಹಾಕಿ, ಸ್ವೆಟರನ್ನು ಮಡಿಲಲ್ಲಿ ಇಟ್ಟುಕೊಂಡು ಕಾಯುತ್ತಿದ್ದಳು. ಚಾಂಪಿಯನ್ ಗಂಟಲು ಹಿಡಿದುಕೊಂಡು ಎದ್ದ.

"ಗಂಟಲು ಕಟ್ಟಿದೆ ಕಣೇ. ಮಾತ್ರೆ ತಗೊಂಡು ಬಂದ್ಬಿಡ್ತೀನಿ."

"ಇಷ್ಟು ಹೊತ್ತಲ್ಲಾ? ಹೊರಗೆ ಚಳಿ. ತಡೀರಿ, ಇದನ್ನಾದ್ರೂ..." ಎಂದು ಅವಳು ಸ್ವೆಟರು ಎತ್ತುವಷ್ಟರಲ್ಲಿ ಸೈಕಲ್ಲು ತಿರುವು ದಾಟಿತ್ತು.

ಎರಡನೇ ಪಾಳಿಯವನು ಬಾಗಿಲು ತೆರೆದಿಟ್ಟು ಓಡಿದ. ಪಂಪ್‌ಹೌಸಿನ ಹಳದಿ ದೀಪದ ಕೆಳಗೆ ಏಳು ಪೈಪುಗಳು ಸಾಲಾಗಿ, ಬೆಚ್ಚಗೆ, ಒಳ್ಳೆಯ ಮನೆತನದವರಂತೆ ನಿಂತಿದ್ದವು. ಒಂದನೆಯದಕ್ಕೆ ನೀಲಿ, ಎರಡನೆಯದಕ್ಕೆ ಬೂದಿ ಬಣ್ಣ, ಮೂರನೆಯದಕ್ಕೆ ಕಾಲರ್ ಇರುವ ಹಸಿರು. ಕೊನೆಯಲ್ಲಿ ಎಂಟನೆಯ ಪೈಪು ಬರಿಮೈಯಲ್ಲಿ ತೊಟ್ಟಿಕ್ಕುತ್ತಿತ್ತು.

ಎಂಟು ಗಂಟೆ ಮೂರು ನಿಮಿಷ. ಚಕ್ರದ ಮೇಲೆ ಕೈ ಇಟ್ಟ. ಒಂದು ಸುತ್ತು. ಹತ್ತು ಎಣಿಸಿದ. ಇನ್ನೊಂದು ಸುತ್ತು. ಹತ್ತು ಎಣಿಸಿದ. ಎಂಥ ಅವಸರದಲ್ಲೂ ಕೈ ತನ್ನ ಅಭ್ಯಾಸ ಬಿಡಲಿಲ್ಲ. ಆಮೇಲೆ ಪೂರ್ತಿ ತೆರೆದ.

ಎಂಟು ಆರಕ್ಕೆ ದೂರದಲ್ಲಿ ಯಾರೋ, "ನೀರು! ನೀರು ಬಂತೂ!" ಎಂದು ಕೂಗಿದರು. ಒಂದು ಬಾಗಿಲು ಬಡಿಯಿತು, ಹತ್ತು ಬಾಗಿಲು ಬಡಿದವು. ಬಿಂದಿಗೆ ಬಿಂದಿಗೆಗೆ ತಾಕುವ ಸದ್ದು, ಬಕೆಟ್ಟು ಉರುಳುವ ಸದ್ದು, ಎದುರು ಮನೆ ಅಕ್ಕ ಟೈಲರನ ಹೆಂಡತಿಯನ್ನು ಬೈಯುವ ಸದ್ದು. ಚಾಂಪಿಯನ್ನಿಗೆ ಇಷ್ಟು ಇಂಪಾದ ಸದ್ದು ಜನ್ಮದಲ್ಲಿ ಕೇಳಿದ ನೆನಪಿಲ್ಲ. ಎಂಟು ಏಳು. ಎಂಟು ಎಂಟು. ಎಂಟು ಒಂಬತ್ತು. ಸ್ಟೂಲಿನ ಮೇಲೆ ಕುಸಿದು ಕೂತು ಬೆವರು ಒರೆಸಿಕೊಂಡ. ಗೆದ್ದ. ಟೀವಿಯ ಒಂಬತ್ತು ಗೆಲುವೂ ಇದರ ಮುಂದೆ ಏನೂ ಅಲ್ಲ.

"ರೀ!"

ಬಾಗಿಲಲ್ಲಿ ಹೆಂಡತಿ. ಓಡಿ ಬಂದು ಏದುಸಿರು. ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದು ಕಾಲಲ್ಲಿ ಮೇಷ್ಟ್ರ ಚಪ್ಪಲಿ. ಕೈಯಲ್ಲಿ ಕೆಂಪು ಸ್ವೆಟರು.

"ಏನಾಯ್ತ್ರೀ ನಿಮಗೆ? ಎರಡು ಕೆಮ್ಮು ಕೇಳಿದ ತಕ್ಷಣ ಗೊತ್ತಾಯ್ತು, ಇದು ನಿಮ್ಮ ಕೈ ಅಂತ. ಪಾಳಿ ಇಲ್ಲ, ಹೊತ್ತಲ್ಲ, ಗಂಟಲು ನೋವು ಅಂತ ಹೋದವರು ಇಲ್ಲಿ ವಾಲ್ವ್ ತಿರುಗಿಸ್ತಾ ಇದೀರಾ ಅಂದ್ರೆ ನಾನೇನು ಅಂದ್ಕೋಬೇಕು? ತಲೆ ಕೆಟ್ಟಿತೇನೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡು..."

ಆಗ ಅವಳ ಕಣ್ಣು ಪೈಪುಗಳ ಮೇಲೆ ಬಿತ್ತು. ಹತ್ತೊಂಬತ್ತು ವರ್ಷದಲ್ಲಿ ಅವಳು ಈ ಬಾಗಿಲು ದಾಟಿದವಳಲ್ಲ. ಹೊರಗಿನವರಿಗೆ ಪ್ರವೇಶವಿಲ್ಲ ಎಂಬ ಫಲಕ ಇತ್ತು, ತಡೆಯುವುದಕ್ಕೆ ಎರಡನೇ ಪಾಳಿಯವನು ಇದ್ದ. ಇವತ್ತು ಆ ಪುಣ್ಯಾತ್ಮ ಟೀವಿ ನೋಡಲು ಅವಳ ಮನೆಗೇ ಹೋಗಿದ್ದ.

ಅವಳು ಒಂದನೆಯ ಪೈಪಿನ ಹತ್ತಿರ ಹೋಗಿ ನೀಲಿ ತೋಳನ್ನು ಮುಟ್ಟಿದಳು. ಎರಡನೆಯದನ್ನು ಮುಟ್ಟಿದಳು. ಮೂರನೆಯದರ ಕಾಲರು ಸರಿ ಮಾಡಿದಳು. "ಇದು ಅಮ್ಮ ತೀರಿಕೊಂಡ ವರ್ಷದ್ದು. ರಾತ್ರಿ ನಿದ್ದೆ ಬರ್ತಿರ್ಲಿಲ್ಲ ಅಂತ ಹೆಣೀತಾ ಕೂತಿದ್ದೆ" ಎಂದಳು. ಯಾರಿಗೆ ಹೇಳಿದಳೋ, ಪೈಪಿಗೋ ಗಂಡನಿಗೋ ತಿಳಿಯಲಿಲ್ಲ.

ಚಾಂಪಿಯನ್ನಿಗೆ ತಿಮಿಂಗಿಲದ ಹೃದಯದ ತೂಕ ಗೊತ್ತಿತ್ತು, ತನ್ನದು ಈಗ ಅದಕ್ಕಿಂತ ಭಾರವಾಗಿತ್ತು. "ಚುಚ್ಚುತ್ತೆ ಕಣೇ" ಎಂದ. "ಉಣ್ಣೆ ನನ್ನ ಮೈಗೆ ಆಗಲ್ಲ. ನಿನ್ನ ಮುಖ ನೋಡಿ ಹೇಳೋದಕ್ಕೆ ಬಾಯಿ ಬರ್ಲಿಲ್ಲ. ತಪ್ಪಾಯ್ತು."

"ಏಳು ವರ್ಷ!"

"ಏಳು ವರ್ಷ."

"ಮೊದಲ್ನೇ ದಿನಾನೇ ಹೇಳಿದ್ರೆ ಹತ್ತಿ ನೂಲಲ್ಲಿ ಹೆಣೀತಿದ್ನಲ್ರೀ!"

ಲೋಕದ ಪ್ರಶ್ನೆಗಳಿಗೆಲ್ಲಾ ಉತ್ತರ ಗೊತ್ತಿದ್ದವನಿಗೆ ಈ ಉತ್ತರ ಮಾತ್ರ ಏಳು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಹೊರಗೆ ತಪ ತಪ ಸದ್ದು. ಮೇಷ್ಟ್ರು ಒಂದು ಕಾಲಲ್ಲಿ ಚಪ್ಪಲಿ, ಒಂದು ಬರಿಗಾಲು, ಕಂಕುಳಲ್ಲಿ ನೋಟ್‌ಬುಕ್ಕು, ಬಾಗಿಲಲ್ಲಿ ಬಂದು ನಿಂತರು.

"ಜಾಹೀರಾತು ಬಂತು, ನನ್ನ ಎಡಗಾಲಿನ ಚಪ್ಪಲಿ ಇಲ್ಲಿದೆಯಾ ಅಂತ ಬಂದೆ. ಎಲ್ಲಾ ನೀರಿಗೆ ಓಡಿದರು. ಕರ್ತವ್ಯ ಬಿಡದೆ ಕೂತವನು ನಾನೊಬ್ಬನೇ" ಎಂದು ಕನ್ನಡಕ ಏರಿಸಿದರು. "ಚಾಂಪಿಯನ್ನರೇ, ಇವತ್ತು ನಿಮ್ಮ ಪ್ರಸಂಗ ಬರಲೇ ಇಲ್ಲ!"

"ಏನು?"

"ಬರೆದುಕೊಂಡಿದೀನಿ, ಕೇಳಿ. ಎಂಟು ಗಂಟೆ ಏಳು ನಿಮಿಷ. ನಿರೂಪಕರು, ಇವತ್ತೇ ತೆಗೆದು ಸೇರಿಸಿದಂತಿದ್ದ ತುಣುಕಿನಲ್ಲಿ: 'ಇವತ್ತು ನೇರವಾಗಿ ಪ್ರಶ್ನೆಗಳಿಗೆ ಹೋಗೋಣ. ಚಾಂಪಿಯನ್ನರ ಕತೆಯನ್ನು ಅವರ ಕೋರಿಕೆಯಂತೆ ಇವತ್ತು ಹಾಕುತ್ತಿಲ್ಲ.' ಆವರಣದಲ್ಲಿ, ನಗು. 'ಅದನ್ನು ನಾಳೆಯ ಹತ್ತನೇ ಕಂತಿಗೆ ವಿಶೇಷವಾಗಿ ಉಳಿಸಿದ್ದೇವೆ. ತಮ್ಮ ಪತ್ನಿ ಹೆಣೆದ ಏಳು ಸ್ವೆಟರುಗಳನ್ನು ಚಾಂಪಿಯನ್ನರು ಏನು ಮಾಡಿದರು? ನಾಳೆ ಎಂಟಕ್ಕೆ, ಮನೆಮಂದಿಯೆಲ್ಲ ತಪ್ಪದೆ ನೋಡಿ.'" ಮೇಷ್ಟ್ರು ತಲೆ ಎತ್ತಿದರು. ಆಗ ಅವರ ಕಣ್ಣಿಗೆ ಪೈಪುಗಳು ಬಿದ್ದವು. ಒಂದೊಂದನ್ನೇ ಎಣಿಸಿದರು. ಪೆನ್ನಿನ ಮುಚ್ಚಳ ತೆಗೆದು ಬರೆದುಕೊಂಡರು.

'ಇವತ್ತು ಬೇಡಮ್ಮಾ' ಎಂದು ತಾನೇ ಫೋನಿನಲ್ಲಿ ಅಂಗಲಾಚಿದ್ದು ಚಾಂಪಿಯನ್ನಿಗೆ ನೆನಪಾಯಿತು. ಆ ಹುಡುಗಿ ಅವನ ಮಾತನ್ನು ಚಾಚೂ ತಪ್ಪದೆ ನಡೆಸಿಕೊಟ್ಟಿದ್ದಳು.

ಮೇಷ್ಟ್ರು ಚಪ್ಪಲಿ ಹಾಕಿಕೊಂಡು ಹೊರಟರು. ಹತ್ತು ನಿಮಿಷದಲ್ಲಿ ಬೀದಿಗೆಲ್ಲಾ ಗೊತ್ತಾಗುತ್ತದೆ ಎನ್ನುವುದು ಅವರ ನಡಿಗೆಯ ವೇಗದಲ್ಲೇ ತಿಳಿಯುತ್ತಿತ್ತು. ಒಳಗೆ ಗಂಡ ಹೆಂಡತಿ ಇಬ್ಬರೇ ಉಳಿದರು.

"ಟೀವೀಲೂ ಹೇಳಿದೀರಾ?" ಎಂದಳು ಅವಳು, ಬಹಳ ಮೆಲ್ಲಗೆ.

"ಬೇರೆ ಕತೆ ಇರ್ಲಿಲ್ಲ ಕಣೇ..." ಎಂದು ತಲೆ ತಗ್ಗಿಸಿದ. "ನೀನು ನೋಡ್ಬಾರ್ದು ಅಂತ ಬೆಳಿಗ್ಗೆಯಿಂದ ಒದ್ದಾಡಿದೀನಿ. ನೀನು ಬರಲ್ಲ ಅಂದ್ಬಿಟ್ರೆ ಆ ಹಡಗು ತಗೊಂಡು ನಾನೇನು ಮಾಡ್ಲಿ?"

ಹೆಂಡತಿ ಅವನನ್ನೇ ನೋಡಿದಳು. ಅವಳ ಮುಖದಲ್ಲಿ ಏನೋ ಮೆಲ್ಲಗೆ ತಿರುಗಿತು, ಒಂದು ಸುತ್ತು, ಎರಡು ಸುತ್ತು. "ಹಾಗಾದ್ರೆ ಹಡಗು ಸಿಕ್ಕಿದೆ!"

"ನಾನೇನೂ ಹೇಳ್ಲಿಲ್ಲ! ಹೇಳೋ ಹಾಗಿಲ್ಲ!"

"ನೀವು ಹೇಳ್ಲಿಲ್ಲ. ಸೋತವನು ಹೆಂಡತಿ ಹಡಗು ಹತ್ತಲ್ಲ ಅಂತ ಹೆದರ್ತಾನಾ?" ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು, ಮೂಗು ಎಳೆದುಕೊಂಡಳು, ಆಮೇಲೆ ಕೆಂಪು ಸ್ವೆಟರನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. "ತೋಳೆತ್ತಿ."

"ಅಲ್ವೇ, ಈಗ ತಾನೆ ಹೇಳಿದ್ನಲ್ಲ, ಚುಚ್ಚುತ್ತೆ ಅಂತ..."

"ಕೇಳಿಸ್ತು. ತೋಳೆತ್ತಿ. ನಾಳೆ ಎಂಟು ಗಂಟೆಗೆ ಬೀದಿಗೆ ಬೀದೀನೇ ಕೂತು ನಿಮ್ಮ ಕತೆ ನೋಡತ್ತೆ. ಮೂರು ಟೀವೀಲೂ ನೋಡತ್ತೆ. ಆಗ ನೀವು ಇದನ್ನ ಹಾಕ್ಕೊಂಡು ಮೊದಲ್ನೇ ಸಾಲಲ್ಲಿ, ಮೇಷ್ಟ್ರ ಪಕ್ಕ ಕೂತಿರ್ಬೇಕು. ಒಂದು ಸಲಾನೂ ಕೆರ್ಕೋಬಾರ್ದು. ಕೆರ್ಕೊಂಡ್ರೆ ನಾನು ಹಡಗು ಹತ್ತಲ್ಲ."

ಚಾಂಪಿಯನ್ ತೋಳೆತ್ತಿದ. ಅವಳು ಎಳೆದು ಹಾಕಿ, ಎದೆಯ ಮೇಲಿನ ಹಡಗು ನೇರ ಮಾಡಿ, ಕತ್ತಿನ ಗುಂಡಿಯನ್ನೂ ಬಿಡದೆ ಹಾಕಿದಳು. ಆಮೇಲೆ ಸಾಲಿನ ಕೊನೆಗೆ ಹೋಗಿ, ತೊಟ್ಟಿಕ್ಕುತ್ತಿದ್ದ ಎಂಟನೆಯ ಪೈಪಿನ ಮುಂದೆ ನಿಂತು, ಅದರ ಸುತ್ತಳತೆಯನ್ನು ಗೇಣಿನಲ್ಲಿ ಅಳೆದಳು.

"ಪಾಪ, ಇದೊಂದು ಬರಿಮೈಯಲ್ಲಿದೆ" ಎಂದಳು. "ಇದಕ್ಕೆ ಹತ್ತಿ ನೂಲಿನದು ಹೆಣೀತೀನಿ."